ಸಂಬಳ ಮುಟ್ಟದ ಅಧ್ಯಾಪಕ

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ವಿಜ್ಞಾನಿಯೊಬ್ಬರ ಜೀವನವನ್ನು ಕುರಿತು ಬರೆಯಬೇಕೆಂದು ಸಂಪಾದಕ ಮಿತ್ರರು ಅಪೇಕ್ಷಿಸಿದಾಗ, ಆಚಾರ್ಯ ಜಗದೀಶಚಂದ್ರ ಬೋಸರ ಹೆಸರೇ ನನಗೆ ಮೊದಲು ಹೊಳೆಯಿತು. ಮುಟ್ಟಿದರೆ ಮುನಿಯಂತಹ ಗಿಡಗಳ ಸಂವೇದನೆಯನ್ನು ಅಳೆದವರೆಂದು ಅವರನ್ನು ನಾವೆಲ್ಲರೂ ತರಗತಿಯಲ್ಲಿ ಓದಿದ್ದೇವೆ. ನಾನಿಲ್ಲಿ ಹೇಳಹೊರಟಿರುವುದು ಅವರ ಸಂಬಳದ ವೃತ್ತಾಂತವನ್ನು.

ಬೋಸರು ಜನಿಸಿದ್ದು 1858ರ ನವೆಂಬರ್ 30ರಂದು, ಇಂದಿನ ಬಾಂಗ್ಲಾದೇಶದಲ್ಲಿ. ತಂದೆ ಭಗವಾನಚಂದ್ರರು ಬ್ರಿಟಿಷ್ ಸರಕಾರದ ಅಧಿಕಾರಿಯಾಗಿದ್ದರೂ ಮಗನನ್ನು ಮೊದಲು ಸೇರಿಸಿದ್ದು ಬಂಗಾಳಿ ಶಾಲೆಗೆ. ಅಲ್ಲಿ ಬಾಲಕನ ಒಂದು ಪಕ್ಕದಲ್ಲಿ ತಂದೆಯ ಮುಸಲ್ಮಾನ ಜವಾನನ ಮಗ, ಇನ್ನೊಂದು ಪಕ್ಕದಲ್ಲಿ ಬೆಸ್ತರ ಹುಡುಗ. ತಾಯ್ನುಡಿಯ ಶಾಲೆಯಲ್ಲಿ ಕಲಿತ ನಮಗೆ ಇದು ಅಪರಿಚಿತ ನೋಟವಲ್ಲ.

ಕಲಕತ್ತೆ, ಕೇಂಬ್ರಿಜ್, ಲಂಡನ್‌ಗಳಲ್ಲಿ ವ್ಯಾಸಂಗ ಮುಗಿಸಿದ ಅವರು 1885ರಲ್ಲಿ ಕಲಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರದ ಹಂಗಾಮಿ ಪ್ರಾಧ್ಯಾಪಕರಾದರು. ವೈಸರಾಯ್ ರಿಪ್ಪನ್ನರ ಶಿಫಾರಸು ಇದ್ದರೂ ವಿದ್ಯಾ ಇಲಾಖೆಯ ನಿರ್ದೇಶಕ ಕ್ರಾಫ್ಟ್ ಮನಸ್ಸಿಲ್ಲದ ಮನಸ್ಸಿನಿಂದಲೇ ನೇಮಕ ಮಾಡಿದರು. ನಿಖರ ವಿಜ್ಞಾನ ಭಾರತೀಯರ ಸ್ವಭಾವಕ್ಕೆ ಒಗ್ಗದು ಎಂಬುದು ಅಂದಿನ ಬಿಳಿಯ ಅಧಿಕಾರಿಗಳ ಗಟ್ಟಿ ನಂಬಿಕೆ. ಆ ನಂಬಿಕೆ ಸಂಬಳದ ಪಟ್ಟಿಗೂ ಇಳಿದಿತ್ತು. ಅದೇ ಹುದ್ದೆಯ ಐರೋಪ್ಯನಿಗೆ ಸಲ್ಲುತ್ತಿದ್ದುದರ ಮೂರರಲ್ಲಿ ಎರಡು ಪಾಲು ಮಾತ್ರ ಭಾರತೀಯನಿಗೆ. ಹಂಗಾಮಿ ಎಂಬ ನೆಪದಲ್ಲಿ ಅದರಲ್ಲಿಯೂ ಅರ್ಧ ಕಡಿತ. ಒಟ್ಟಿನಲ್ಲಿ ಮೂರನೆಯ ಒಂದು ಪಾಲು!

ಬೋಸರು ರಾಜೀನಾಮೆ ಕೊಡಲಿಲ್ಲ, ಪಾಠವನ್ನೂ ನಿಲ್ಲಿಸಲಿಲ್ಲ. ಸಂಬಳವನ್ನು ಮಾತ್ರ ಮುಟ್ಟಲಿಲ್ಲ. ಹೀಗೆ ಮೂರು ವರ್ಷ. ಉದ್ಯಮಗಳಲ್ಲಿ ಕೈಸುಟ್ಟುಕೊಂಡಿದ್ದ ತಂದೆಯ ಸಾಲ ಆಗ ಮನೆಯ ಮೇಲಿತ್ತು. 1887ರಲ್ಲಿ ಅಬಲಾದೇವಿಯವರನ್ನು ವಿವಾಹವಾದದ್ದೂ ಈ ಅವಧಿಯಲ್ಲಿಯೇ. ಸಂಬಳವಿಲ್ಲದ ಆ ಸಂಸಾರವನ್ನು ತೂಗಿಸಿದ ಆ ತಾಯಿಯ ಪಾಲನ್ನು ಚರಿತ್ರಕಾರರು ಇನ್ನಷ್ಟು ವಿಸ್ತಾರವಾಗಿ ಬರೆಯಬೇಕಿತ್ತೆಂದು ನನಗೆ ಅನ್ನಿಸುತ್ತದೆ.

ಕೊನೆಗೆ ಕ್ರಾಫ್ಟ್ ಮತ್ತು ಪ್ರಾಂಶುಪಾಲ ಟಾನಿ ಅವರ ಯೋಗ್ಯತೆಯನ್ನು ಮನಗಂಡರು. ಹುದ್ದೆ ಕಾಯಂ ಆಯಿತು. ಮೂರು ವರ್ಷಗಳ ಪೂರ್ಣ ವೇತನ ಒಟ್ಟಿಗೆ ಕೈಸೇರಿತು. ಆ ಹಣ ತಂದೆಯ ಸಾಲಕ್ಕೆ ಸಂದಿತು.

ಆದರೆ ಒಬ್ಬ ಬೋಸರಿಗೆ ಬಾಗಿಲು ತೆರೆಯಿತೇ ಹೊರತು ಗೋಡೆ ಬೀಳಲಿಲ್ಲ. ಎಡಿನ್‌ಬರೋದಿಂದ ಡಾಕ್ಟರೇಟ್ ಪಡೆದು ಬಂದ ಪ್ರಫುಲ್ಲಚಂದ್ರ ರಾಯರು 1889ರಲ್ಲಿ ಅದೇ ಕಾಲೇಜಿಗೆ ಸೇರಿದ್ದು ತಿಂಗಳಿಗೆ 250 ರೂಪಾಯಿಯ ತಾತ್ಕಾಲಿಕ ಹುದ್ದೆಗೆ. 1896ರಲ್ಲಂತೂ ಸರಕಾರ ಶಿಕ್ಷಣ ಸೇವೆಯನ್ನೇ ಇಂಪೀರಿಯಲ್, ಪ್ರಾಂತೀಯ ಎಂದು ಎರಡಾಗಿ ಒಡೆಯಿತು. ಭಾರತೀಯರಲ್ಲಿ ಬಹುಪಾಲು ಜನ ಕೆಳಗಿನದರಲ್ಲಿಯೇ ಉಳಿದರು.

ಬೋಸರು 1915ರಲ್ಲಿ ನಿವೃತ್ತರಾದರು. 1917ರ ತಮ್ಮ ಜನ್ಮದಿನದಂದು ಕಲಕತ್ತೆಯಲ್ಲಿ ತಮ್ಮದೇ ಸಂಶೋಧನಾ ಮಂದಿರವನ್ನು ತೆರೆದರು. ಅದು ಇಂದಿಗೂ ನಡೆಯುತ್ತಿದೆ. 1937ರ ನವೆಂಬರ್ 23ರಂದು ಗಿರಿಡೀಯಲ್ಲಿ ಅವರು ದೈವಾಧೀನರಾದರು.