ಪಂಡಿತಾ ರಮಾಬಾಯಿಯವರ ಜೀವಿತ

ರಮಾಬಾಯಿಯವರು 1858ರಲ್ಲಿ ಕನ್ನಡ ನಾಡಿನ ಗಂಗಾಮೂಲದ ಅಡವಿಯಲ್ಲಿ ಹುಟ್ಟಿದರು. ಬರಗಾಲದಲ್ಲಿ ತಂದೆತಾಯಿಗಳನ್ನೂ, 1882ರಲ್ಲಿ ಗಂಡನನ್ನೂ ಕಳಕೊಂಡು, ಹಸುಮಗಳೊಡನೆ ವಿಧವೆಯಾಗಿ ಉಳಿದರು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಹೊಂದಿ, 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಹಸಿವಿನ ಸಂಕಟವನ್ನು ತಾವೇ ಬಲ್ಲವರಾದ್ದರಿಂದ, 1896ರ ಕ್ಷಾಮದಲ್ಲಿ ದಿಕ್ಕಿಲ್ಲದ ನೂರಾರು ಹೆಂಗಸರನ್ನೂ ಹುಡುಗಿಯರನ್ನೂ ಕರತಂದು ಕೇಡಗಾಂವದಲ್ಲಿ ಆಶ್ರಯ ಕೊಟ್ಟರು. ಅನ್ನವಿಕ್ಕಿದರೆ ಮಾತ್ರ ಸಾಲದೆಂದರಿತು ಓದುಬರಹ, ನೇಯ್ಗೆ, ಬೇಸಾಯ, ಅಚ್ಚಿನ ಕೆಲಸಗಳನ್ನು ಕಲಿಸಿದರು. ಅವರು ಮರಾಠಿಗೆ ಭಾಷಾಂತರಿಸಿದ ಸತ್ಯವೇದವನ್ನು ಆ ಸ್ತ್ರೀಯರೇ ಅಚ್ಚುಹಾಕಿದರು. ನಮ್ಮ ಹುಮನಾಬಾದ, ಬಸವಕಲ್ಯಾಣ ಸೀಮೆಗೆ ಸಮೀಪವಾದ ಕಲಬುರ್ಗಿಯಲ್ಲಿಯೂ 1912ರಲ್ಲಿ ಮಗಳು ಮನೋರಮೆಯ ಸಹಾಯದಿಂದ ಶಾಲೆಯನ್ನು ಸ್ಥಾಪಿಸಿದರು. 1921ರಲ್ಲಿ ಆ ಮಗಳೂ ತೀರಿಹೋದಳು. ಮರುವರುಷ ತಾವೂ ಕರ್ತನಲ್ಲಿ ನಿದ್ರೆಹೋದರು. ಪ್ರಿಯರೇ, ನಮ್ಮ ಸಭೆಯ ವಿಧವೆಗೆ ಸೇರು ಜೋಳ ಕೊಡುವಾಗ ಒಂದು ಕಸಬನ್ನೂ ಕಲಿಸೋಣ.