ಮೊಲೊಕಾಯ್ ದ್ವೀಪದ ಸಂತ ದಮಿಯಾನರು

ಸಂತರು ಮರಣಭಯವನ್ನೇ ಅರಿಯದವರೆಂದು ನಾವು ಸುಲಭವಾಗಿ ನಂಬಿಬಿಡುತ್ತೇವೆ. ಕುಷ್ಠರೋಗಿಗಳ ಸೇವೆಯಲ್ಲಿ ಪ್ರಾಣತೆತ್ತ ಸಂತ ದಮಿಯಾನರ ಜೀವನವನ್ನು ಗಮನಿಸಿದರೆ ಈ ನಂಬಿಕೆ ನಿಲ್ಲುವುದಿಲ್ಲ.

1840ರ ಜನವರಿ 3ರಂದು ಬೆಲ್ಜಿಯಂ ದೇಶದ ತ್ರೆಮೆಲೊ ಗ್ರಾಮದ ರೈತ ಕುಟುಂಬದಲ್ಲಿ ಜನಿಸಿದ ಇವರು, ಹವಾಯಿ ದ್ವೀಪಗಳಿಗೆ ಹೊರಡಬೇಕಿದ್ದ ಅಣ್ಣ ಜ್ವರಪೀಡಿತರಾದಾಗ ಅವರಿಗೆ ಬದಲಾಗಿ ಹೊರಟರು. 1864ರಲ್ಲಿ ಹೊನೊಲುಲುವಿನಲ್ಲಿ ಗುರುದೀಕ್ಷೆ ಪಡೆದರು.

ಆ ರಾಜ್ಯದ ಸರಕಾರವು ಕುಷ್ಠರೋಗಿಗಳನ್ನು 1866ರಿಂದ ಮೊಲೊಕಾಯ್ ದ್ವೀಪಕ್ಕೆ ಸಾಗಿಸಿ, ಹೊರಜಗತ್ತಿನಿಂದ ಬೇರ್ಪಡಿಸಿತ್ತು. ಅಲ್ಲಿಗೆ ಸರದಿಯಂತೆ ಹೋಗಲು ನಾಲ್ವರು ಗುರುಗಳು ಮುಂದೆ ಬಂದರು. ಮೊದಲಿಗರಾಗಿ 1873ರ ಮೇ 10ರಂದು ಕಾಲಿಟ್ಟ ದಮಿಯಾನರು ಅಲ್ಲಿಯೇ ಉಳಿದರು. ಮೊದಮೊದಲು ಅವರಿಗೂ ಅಳುಕಿತ್ತು. ರೋಗಿಗಳನ್ನು ಮುಟ್ಟಬಾರದೆಂಬ ಎಚ್ಚರಿಕೆಯೂ ಇತ್ತು. ಗುಡಿಸಲುಗಳನ್ನು ಬಿಟ್ಟು ಒಂದು ಕೇದಗೆ ಜಾತಿಯ ಮರದಡಿ ರಾತ್ರಿ ಮಲಗಿದರು. ವ್ರಣಗಳ ದುರ್ವಾಸನೆ ತಾಳಲಾರದೆ ತಂಬಾಕು ಸೇದಿದರು. ಆದರೆ ಮುಟ್ಟದೆ ಪವಿತ್ರ ತೈಲವನ್ನು ಲೇಪಿಸುವುದೆಂತು? ವ್ರಣ ತೊಳೆಯುವುದೆಂತು? ಕ್ರಮೇಣ ಅವರು ರೋಗಿಗಳ ಪಾತ್ರೆಯಲ್ಲಿಯೇ ಉಂಡರು, ತಮ್ಮ ಕೈಯಾರೆ ಶವಪೆಟ್ಟಿಗೆಗಳನ್ನು ಮಾಡಿ, ಗೋರಿಗಳನ್ನು ತೋಡಿದರು. ಅಪಾಯವನ್ನು ಮರೆತರೆಂದಲ್ಲ, ನಿತ್ಯವೂ ಎದುರಿಗಿದ್ದ ಅಪಾಯ ಅವರ ಲೆಕ್ಕದಿಂದ ಜಾರಿತೆಂದು ನಮಗೆ ತೋರುತ್ತದೆ.

ಹೊರಗಿನವರ ಭೀತಿಯಾದರೋ ಅಳತೆ ಮೀರಿತ್ತು. ರೋಗಾಣುವನ್ನು ನಾರ್ವೆಯ ವೈದ್ಯ ಹ್ಯಾನ್ಸೆನ್ ಅದೇ 1873ರಲ್ಲಿ ಕಂಡುಹಿಡಿದರು. ಬಹುಪಾಲು ಜನರ ದೇಹಕ್ಕೆ ಈ ರೋಗವನ್ನು ತಡೆಯುವ ಸಹಜಶಕ್ತಿ ಇದೆಯೆಂಬುದು ಇಂದು ತಿಳಿದ ಸಂಗತಿ. 1886ರಲ್ಲಿ ಅವರಿಗೆ ಜೊತೆಯಾದ ಅಮೆರಿಕದ ಜೋಸೆಫ್ ಡಟನ್ 40 ವರ್ಷಕ್ಕೂ ಹೆಚ್ಚು ಕಾಲ ಅಲ್ಲಿ ಸೇವೆ ಸಲ್ಲಿಸಿಯೂ ರೋಗಕ್ಕೆ ತುತ್ತಾಗಲಿಲ್ಲ. 1888ರಲ್ಲಿ ಬಂದ ಮಾತೆ ಮರಿಯಾನ್ ಕೋಪ್ ಕೈತೊಳೆಯುವ ಕಟ್ಟುನಿಟ್ಟನ್ನು ತಮ್ಮ ಸಹೋದರಿಯರಿಗೆ ವಿಧಿಸಿ, ಯಾರಿಗೂ ರೋಗ ತಗುಲದೆಂದು ಅಭಯವಿತ್ತರು, ಹಾಗೆಯೇ ಆಯಿತು. ದಮಿಯಾನರು ಇಷ್ಟು ಎಚ್ಚರ ವಹಿಸಬಹುದಿತ್ತಲ್ಲವೇ ಎಂದು ಕೇಳುವವರುಂಟು. ಕೇಳಲಿ. ಆದರೆ 1873ರಲ್ಲಿ ಅವರ ನೆರವಿಗೆ ಸಹೋದರಿಯರೂ ಇರಲಿಲ್ಲ, ಸರಿಯಾದ ಆಸ್ಪತ್ರೆಯೂ ಇರಲಿಲ್ಲ.

1884ರ ಡಿಸೆಂಬರಿನಲ್ಲಿ ಒಂದು ರಾತ್ರಿ ಕಾಲುಗಳನ್ನು ಕುದಿನೀರಿಗೆ ಇಳಿಸಿದರು. ಬೊಬ್ಬೆಗಳೆದ್ದವು, ನೋವಾಗಲಿಲ್ಲ. ಮುಂದಿನ ವರ್ಷ ವೈದ್ಯರು ರೋಗವನ್ನು ದೃಢಪಡಿಸಿದರು. ಬದುಕುಳಿಯುವ ಆಸೆ ಇಲ್ಲವಾದ ಮೇಲೆ ಅವರ ಕೆಲಸ ಇಮ್ಮಡಿಯಾಯಿತು: ದೇವಾಲಯವನ್ನು ವಿಸ್ತರಿಸಿದರು, ಅನಾಥ ಮಕ್ಕಳ ಹೊಣೆಯನ್ನು ಇತರರಿಗೆ ಒಪ್ಪಿಸಲು ತವಕಿಸಿದರು.

1889ರ ಏಪ್ರಿಲ್ 15ರಂದು, 49ನೆಯ ವಯಸ್ಸಿನಲ್ಲಿ, ದೈವಾಧೀನರಾದರು. 1936ರಲ್ಲಿ ಪಾರ್ಥಿವ ಶರೀರವನ್ನು ಬೆಲ್ಜಿಯಂಗೆ ಒಯ್ಯಲಾಯಿತು. 2009ರಲ್ಲಿ ಜಗದ್ಗುರು 16ನೆಯ ಬೆನೆಡಿಕ್ಟರು ಅವರಿಗೆ ಸಂತಪದವಿಯನ್ನು ನೀಡಿದರು. ಆದರೆ ಅವರ ಮೊದಲ ಸಮಾಧಿ ಇದ್ದುದು, ಅವರ ಇಚ್ಛೆಯಂತೆ, ಮೊದಲ ರಾತ್ರಿಗಳನ್ನು ಅಳುಕಿನಿಂದ ಕಳೆದ ಅದೇ ಮರದ ಬುಡದಲ್ಲಿ.