ಇಂದಿನ ಧಮ್ಮ ಚಿಂತನೆ: ಧೈರ್ಯ ಬೇರೆ, ಪುರಾವೆ ಬೇರೆ



ಮುಂಬೈನ ಪರೇಲ್‌ನಲ್ಲಿ ಬಾಬಾಸಾಹೇಬರು ಬಹಳ ವರ್ಷ ಚಾಳಿನಲ್ಲಿ ವಾಸವಿದ್ದರು. ಅದೇ ಪರೇಲ್‌ನಲ್ಲಿ ಹಾಫ್‌ಕಿನ್ ಸಂಸ್ಥೆ ಇದೆ. ಆ ಹೆಸರಿನ ಮನುಷ್ಯನ ಬದುಕನ್ನು ಇಂದು ನಿಮ್ಮ ಮುಂದಿಡುತ್ತೇನೆ.

ವಾಲ್ಡೆಮಾರ್ ಹಾಫ್‌ಕಿನ್ ಹುಟ್ಟಿದ್ದು 1860ರಲ್ಲಿ, ಅಂದಿನ ರಷ್ಯಾ ಸಾಮ್ರಾಜ್ಯದ ಒಡೆಸ್ಸಾದಲ್ಲಿ. ಓದಿನಲ್ಲಿ ಮುಂದಿದ್ದರೂ ಯಹೂದಿ ಎಂಬ ಕಾರಣಕ್ಕೆ ಪ್ರಾಧ್ಯಾಪಕ ಹುದ್ದೆಯ ಬಾಗಿಲು ಮುಚ್ಚಿತ್ತು. ಆಳುವವರ ಧರ್ಮಕ್ಕೆ ಸೇರಿದ್ದರೆ ತೆರೆಯುತ್ತಿತ್ತು. ಹುದ್ದೆಯ ಆಸೆಗೆ ಮತ ಬದಲಿಸಲು ಅವರು ಒಪ್ಪಲಿಲ್ಲ. ಹುಟ್ಟಿನ ನೆಪದಲ್ಲಿ ಬಾಗಿಲು ಮುಚ್ಚುವುದು ಎಂದರೇನೆಂದು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

1889ರಲ್ಲಿ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿ ಅವರಿಗೆ ಸಿಕ್ಕಿದ್ದು ಲೈಬ್ರರಿಯ ಕೆಲಸ. ಅಲ್ಲಿದ್ದುಕೊಂಡೇ ಕಾಲರಾ ಲಸಿಕೆ ತಯಾರಿಸಿ, 1892ರ ಜುಲೈ 18ರಂದು ಮೊದಲು ತಮ್ಮ ಮೈಗೇ ಚುಚ್ಚಿಕೊಂಡರು. ಅದು ದೊಡ್ಡ ಧೈರ್ಯ. ಆದರೆ ಒಬ್ಬನಿಗೆ ಅಪಾಯವಾಗಲಿಲ್ಲ ಎಂದ ಮಾತ್ರಕ್ಕೆ ಲಸಿಕೆ ರೋಗ ತಡೆಯುತ್ತದೆ ಎಂದು ಹೇಳಲಾಗದು. ಅದಕ್ಕೆ ಪುರಾವೆ ಬೇಕು.

ಪುರಾವೆ ಹುಡುಕಿಕೊಂಡು 1893ರಲ್ಲಿ ಭಾರತಕ್ಕೆ ಬಂದರು. ಮರುವರ್ಷ ಕಲ್ಕತ್ತಾದ ಕಟ್ಟಾಲ್ ಬಾಗಾನ್ ಬಸ್ತಿಯ ಸುಮಾರು 200 ಜನರಲ್ಲಿ 116 ಮಂದಿಗೆ ಲಸಿಕೆ ಹಾಕಿದರು. ಆಮೇಲೆ ಅಲ್ಲಿ 10 ಮಂದಿಗೆ ಕಾಲರಾ ತಗುಲಿ 7 ಮಂದಿ ತೀರಿಕೊಂಡರು. ಆ ಹತ್ತೂ ಮಂದಿ ಲಸಿಕೆ ಹಾಕಿಸಿಕೊಳ್ಳದವರು.

1896ರಲ್ಲಿ ಮುಂಬೈಗೆ ಪ್ಲೇಗ್ ಬಂತು. ಮೂರೇ ತಿಂಗಳಲ್ಲಿ ಲಸಿಕೆ ಸಿದ್ಧಪಡಿಸಿ, 1897ರ ಜನವರಿ 10ರಂದು ಮತ್ತೆ ತಮಗೇ ಮೊದಲು ಚುಚ್ಚಿಕೊಂಡರು. ನಂತರ ಬೈಕುಲ್ಲಾ ಜೈಲಿನಲ್ಲಿ 147 ಮಂದಿಗೆ ಲಸಿಕೆ ಹಾಕಲಾಯಿತು. 172 ಮಂದಿಗೆ ಹಾಕಲಿಲ್ಲ. ಹಾಕಿಸಿಕೊಳ್ಳದವರಲ್ಲಿ 12 ಮಂದಿಗೆ ಪ್ಲೇಗ್ ಬಂದು 6 ಮಂದಿ ಸತ್ತರು. ಹಾಕಿಸಿಕೊಂಡವರಲ್ಲಿ ಇಬ್ಬರಿಗೆ ಬಂತು, ಯಾರೂ ಸಾಯಲಿಲ್ಲ. ಆ ಇಬ್ಬರನ್ನು ಲೆಕ್ಕದಿಂದ ಬಿಡಲಿಲ್ಲ ಎಂಬುದೇ ನನಗೆ ಮುಖ್ಯವೆನಿಸುತ್ತದೆ. ಅಪಾಯ ಪೂರ್ತಿ ಹೋಯಿತು ಎಂದು ಲೆಕ್ಕ ಹೇಳಲಿಲ್ಲ, ಕಡಿಮೆಯಾಯಿತು ಎಂದಷ್ಟೇ ಹೇಳಿತು.

ಮುಂದೆ ಕಷ್ಟದ ದಿನಗಳು ಬಂದವು. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಹಳ್ಳಿಯಲ್ಲಿ ಲಸಿಕೆ ಪಡೆದ 107 ಮಂದಿಯಲ್ಲಿ 19 ಮಂದಿ ಧನುರ್ವಾಯುವಿನಿಂದ ಸತ್ತರು. ಅಷ್ಟೂ ಮಂದಿಗೆ ಹಾಕಿದ್ದು ಒಂದೇ ಬಾಟಲಿಯ ಲಸಿಕೆ. ತಪ್ಪು ಮುಂಬೈ ಪ್ರಯೋಗಾಲಯದ್ದೇ ಎಂದು ವಿಚಾರಣೆ ತೀರ್ಮಾನಿಸಿತು. ಹಾಫ್‌ಕಿನ್ ಸ್ಥಾನ ಕಳೆದುಕೊಂಡರು. ಆದರೆ ಹಳ್ಳಿಯಲ್ಲಿ ಆ ಬಾಟಲಿ ತೆರೆಯುವಾಗ ಸಹಾಯಕನ ಕೈಯಿಂದ ಚಿಮುಟ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧಿ ಮಾಡದೆ ಬಳಸಲಾಗಿತ್ತು ಎಂಬ ಸಂಗತಿ ಹೊರಬಂತು. ಮಲೇರಿಯಾ ವಿಜ್ಞಾನಿ ರೊನಾಲ್ಡ್ ರಾಸ್ ಮತ್ತಿತರರು ಒಂದೊಂದೇ ಕಾರಣ ಮುಂದಿಟ್ಟು ವಾದಿಸಿದರು. 1907ರಲ್ಲಿ ಹಾಫ್‌ಕಿನ್ ಆರೋಪಮುಕ್ತರಾದರು. ಅಷ್ಟರಲ್ಲಿ ಐದು ವರ್ಷ ಕಳೆದಿತ್ತು. 1925ರಲ್ಲಿ ಆ ಪ್ರಯೋಗಾಲಯಕ್ಕೆ ಅವರ ಹೆಸರಿಟ್ಟರು. 1930ರಲ್ಲಿ ಅವರು ತೀರಿಕೊಂಡರು.

ಆ 19 ಮನೆಗಳವರಿಗೆ ಪ್ರಶ್ನೆ ಕೇಳುವ ಪೂರ್ಣ ಹಕ್ಕಿತ್ತು. ಆದರೆ ಕಾರಣ ತಿಳಿಯುವ ಮೊದಲೇ ತೀರ್ಪು ಕೊಟ್ಟರೆ ಸತ್ತವರಿಗೂ ನ್ಯಾಯ ಸಿಗುವುದಿಲ್ಲ. ಯಾರೋ ಒಬ್ಬರಿಗೆ ಶಿಕ್ಷೆಯಾಗುತ್ತದೆ, ಕೊಳೆಯಾದ ಚಿಮುಟ ಮಾತ್ರ ಹಾಗೇ ಉಳಿಯುತ್ತದೆ. ಹೊಸದನ್ನು ಜನರ ಮೈಗೆ ಚುಚ್ಚುವವನು ಪುರಾವೆ ಕೊಡಬೇಕು. ಅದು ವಿಷ ಎನ್ನುವವನೂ ಕೊಡಬೇಕು.

ಕೇಳಿದ್ದೆಂದು, ಹಿಂದಿನಿಂದ ಬಂದದ್ದೆಂದು, ಗುರು ಹೇಳಿದ್ದೆಂದು ನಂಬಬೇಡಿ, ಒಳಿತೋ ಕೆಡುಕೋ ಪರೀಕ್ಷಿಸಿ ನೋಡಿ ಎಂದು ಬುದ್ಧರು ಕಾಲಾಮರಿಗೆ ಕಲಿಸಿದ್ದು ಇದನ್ನೇ. ಕೊರೊನಾ ಕಾಲದಲ್ಲಿ ನಮ್ಮ ಓಣಿಯಲ್ಲಿ ಲಸಿಕೆ ಬೇಡವೆಂಬ ಮೆಸೇಜುಗಳು ಓಡಾಡಿದವು. ಕಳಿಸಿದವರಲ್ಲಿ ಒಬ್ಬರೂ ಲೆಕ್ಕ ಕೊಡಲಿಲ್ಲ. ಹೆದರಿ ಮನೆಯಲ್ಲೇ ಉಳಿದವರು ವಯಸ್ಸಾದ ಅಜ್ಜ ಅಜ್ಜಿಯರು.

ಇಂದಿನ ಅಭ್ಯಾಸ: ಯಾವುದೇ ಮೆಸೇಜು ಮುಂದಕ್ಕೆ ಕಳಿಸುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳೋಣ. ಇದು ನನಗೆ ಹೇಗೆ ಗೊತ್ತು? ಯಾವುದರ ಜೊತೆ ಹೋಲಿಸಿ ನೋಡಿದ್ದಾರೆ? ಇದು ಸುಳ್ಳಾದರೆ ನೋವು ಯಾರಿಗೆ? ನಾನು ಬರೆದ ಈ ಮೆಸೇಜಿಗೂ ಇದೇ ಪರೀಕ್ಷೆ ಇರಲಿ.

ಜೈ ಭೀಮ್. ನಮೋ ಬುದ್ಧಾಯ.